ಎಲ್ಲಿಂದ ಬಂತು ಎಂದು ಕೇಳಿದಿರಲ್ಲ

ಹಾನಗಲ್ಲು
ರವಿವಾರ, ತಾ. ೧೮ ನವೆಂಬರ್ ೧೯೪೫

ಹಿರೇಕೆರೂರಿನ ಮೈಲಾರಪ್ಪ ಮಾಸ್ತರರಿಗೆ ಹಾನಗಲ್ಲಿನಿಂದ ಶಂಕ್ರವ್ವ ಬರೆಯುವುದು.

ಗಂಡನ ಹೆಸರನ್ನು ಹೆಂಡತಿ ಬಾಯಿಂದ ಹೇಳಬಾರದು, ಕಾಗದದ ಮೇಲಂತೂ ಬರೆಯಲೇಬಾರದು ಎಂದು ನಿಮ್ಮ ತಾಯಿ ಮದುವೆಯ ಮರುದಿನವೇ ನನಗೆ ಕಲಿಸಿದ್ದರು. ಈಗ ಬರೆದಿದ್ದೇನೆ, ನೋಡಿ. ಕೈಗೆ ಏನೂ ಆಗಲಿಲ್ಲ. ಕ್ಷೇಮವೇ ಎಂದು ಕೇಳುವುದಿಲ್ಲ. ನಾಲ್ಕು ವರ್ಷಗಳಲ್ಲಿ ನೀವೂ ನನ್ನನ್ನು ಕೇಳಲಿಲ್ಲ.

ನಿಮ್ಮ ಪತ್ರ ಹತ್ತು ದಿನಗಳ ಹಿಂದೆ, ಗುರುವಾರ ಬಂತು. ಅಪ್ಪ ಮಗ್ಗದಲ್ಲಿ ಕೂತು ಕಂಬಳಿ ನೇಯುತ್ತಿದ್ದ. ಟಪಾಲಿನವನು ಹಿರೇಕೆರೂರಿನ ಕಾಗದ ಎಂದ ಕೂಡಲೇ ಅವನ ಕೈ ನಿಂತಿತು. ನಾನು ಗಟ್ಟಿಯಾಗಿ ಓದಿದೆ. ನಿಮ್ಮ ತಂಗಿ ಮಂಜವ್ವನಿಗೆ ಕೆನ್ನೆಯ ಮೇಲೆ, ಕುತ್ತಿಗೆಯ ಮೇಲೆ ನನಗೆ ಆದಂಥವೇ ಗುಳ್ಳೆಗಳು ಎದ್ದಿವೆ. ಅವಳನ್ನು ಕೊಡಬೇಕಾದ ಶಿಗ್ಗಾಂವಿಯ ಬೀಗರು ನಿಶ್ಚಯದ ಸೀರೆ ಕೊಡಲು ಬಂದವರು ಅವಳ ಮುಖ ನೋಡಿ, ಸೀರೆಯನ್ನು ಗಂಟು ಕಟ್ಟಿಕೊಂಡು ತಿರುಗಿ ಹೋದರು. ನಿನಗೆ ಯಾವ ಔಷಧದಿಂದ ಗುಣವಾಯಿತು ಎಂಬುದನ್ನು ಕೂಡಲೇ ತಿಳಿಸತಕ್ಕದ್ದು ಎಂಬ ಅಪ್ಪಣೆ. ಇಷ್ಟೆಲ್ಲ ಬರೆದು, ಕಾಗದದ ಬುಡದಲ್ಲಿ ಒಂದು ಸಾಲಿನ ಜಾಗ ಉಳಿಯಿತೆಂದು ಬರೆದಿದ್ದೀರಿ: ಆದದ್ದು ಆಯಿತು, ನೀನೂ ಹೊರಟು ಬಾ, ಅವ್ವನೂ ಅದನ್ನೇ ಅನ್ನುತ್ತಾಳೆ.

ಆದದ್ದು ಏನು ಎಂದು ನೀವು ಬರೆಯಲಿಲ್ಲ. ನಾನು ಬರೆಯುತ್ತೇನೆ. ನೀವು ಮಾಸ್ತರರು, ಓದಲು ಬರುತ್ತದೆ. ಕೊನೆಯವರೆಗೂ ಓದಿರಿ.

೧೯೪೧ರ ಮಳೆಗಾಲ ಮುಗಿದು ಭತ್ತಕ್ಕೆ ತೆನೆ ಬರುವ ಹೊತ್ತು. ದಿನಾ ಸಂಜೆ ನಾನು ಪಡಸಾಲೆಯಲ್ಲಿ ಕಂದೀಲಿನ ಹತ್ತಿರ ಕೂತು ನಿಮ್ಮ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದೆ. ಒಂದು ಮುಂಜಾನೆ ಎದ್ದಾಗ ಕುತ್ತಿಗೆಯಿಂದ ಎದೆಯವರೆಗೆ ಕೆಂಪು ಗೆರೆ ಎಳೆದಂತಿತ್ತು, ಬರೆ ಕೊಟ್ಟ ಹಾಗೆ. ಮಧ್ಯಾಹ್ನಕ್ಕೆ ಅದರ ಮೇಲೆ ಸಾಸಿವೆಯಂಥ ಗುಳ್ಳೆಗಳು. ಮೊಣಕೈ ಮಡಚುವಲ್ಲಿ ಎದುರುಬದುರು ಎರಡು ಹುಣ್ಣು, ಒಂದರ ಅಚ್ಚನ್ನು ಇನ್ನೊಂದರ ಮೇಲೆ ಒತ್ತಿದಂತೆ. ನಿಮ್ಮ ತಾಯಿ ಭರಮವ್ವ ನೋಡಿದರು. ಅಂದೇ ನಾನು ಉಣ್ಣುವ ಗಂಗಾಳ ಬೇರೆಯಾಯಿತು. ಮರುದಿನ ಹಾಸಿಗೆ ದನದ ಕೊಟ್ಟಿಗೆಗೆ ಹೋಯಿತು. ಕೊಟ್ಟಿಗೆಯ ಹಿಂದೆಯೇ ಭತ್ತದ ಗದ್ದೆ. ಅಲ್ಲಿ ಕಂದೀಲು ಇಟ್ಟುಕೊಂಡು ಮಲಗಿದ ಮೇಲೆ ಗುಳ್ಳೆಗಳು ಇನ್ನೂ ಹೆಚ್ಚಾದವು. ಹೆಚ್ಚಾದಷ್ಟೂ ನಿಮ್ಮ ತಾಯಿಗೆ ತಾನು ಅಂದದ್ದು ಖರೆ ಎಂದು ಖಾತ್ರಿಯಾಯಿತು. ಓಣಿಯಲ್ಲಿ ಮೊದಲು ದೊಡ್ಡ ರೋಗ, ಕುಷ್ಠ, ಅಂದರು. ಆಮೇಲೆ ಅದಕ್ಕಿಂತ ಹೊಲಸು ರೋಗದ ಹೆಸರು ಹೇಳಿದರು. ಅದು ಹೇಗೆ ಅಂಟುತ್ತದೆ ಎಂದು ನೀರಿನ ಬಾವಿಯ ಹತ್ತಿರ ಹೆಂಗಸರು ನನಗೆ ಕೇಳುವಂತೆಯೇ ಮಾತಾಡಿದರು.

ನೀವು ಐದನೆಯ ದಿನ ಕೊಟ್ಟಿಗೆಗೆ ಬಂದಿರಿ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಿರಿ. ನಾನು ಎದ್ದು ನಿಂತೆ. ನೀವಾದರೂ ನೋಡಿ ಏನಾದರೂ ಹೇಳುತ್ತೀರಿ ಅಂದುಕೊಂಡೆ. ನೀವು ನನ್ನ ಮುಖ ನೋಡದೆ, ಎಮ್ಮೆಯ ಕಡೆ ನೋಡುತ್ತ ಅಂದಿರಿ:

"ಇದು ಎಲ್ಲಿಂದ ಬಂತು ಅನ್ನೋದನ್ನ ನೀನ ಹೇಳಬೇಕು, ಶಂಕ್ರವ್ವ. ನಾ ಅಂತೂ ತಂದಿಲ್ಲ."

ನನಗೆ ಆಗ ಹತ್ತೊಂಬತ್ತು ವರ್ಷ. ಆ ಮಾತಿನ ಅರ್ಥ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿಯುವಷ್ಟರಲ್ಲಿ ನೀವು ಹೋಗಿದ್ದಿರಿ.

ಆ ಮನೆಯಲ್ಲಿ ನನ್ನ ಹತ್ತಿರ ಬಂದವಳು ಮಂಜವ್ವ ಒಬ್ಬಳೇ. ಹನ್ನೆರಡು ವರ್ಷದವಳು. ಅವ್ವನ ಕಣ್ಣು ತಪ್ಪಿಸಿ ಮಜ್ಜಿಗೆ ತರುತ್ತಿದ್ದಳು. "ಅತ್ತಿಗೀ, ಭಾಳ ಉರಿತೈತೇನು?" ಎಂದು ಕೇಳಿ, ಹುಣ್ಣಿನ ಹತ್ತಿರ ಬಾಯಿ ತಂದು ಊದುತ್ತಿದ್ದಳು. ನನ್ನ ಗಂಗಾಳದಿಂದಲೇ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಅವಳಿಗೆ ಯಾವ ರೋಗವೂ ಅಂಟಲಿಲ್ಲ ಎಂಬುದನ್ನು ನೀವಾದರೂ ಗಮನಿಸಬಹುದಿತ್ತು. ಗಮನಿಸಲಿಲ್ಲ.

ಸುದ್ದಿ ತಿಳಿದು ಅಪ್ಪ ಚಕ್ಕಡಿ ಹೂಡಿಕೊಂಡು ಬಂದ. ನಿಮ್ಮ ತಾಯಿ ಅಂದರು: "ನಿಮ್ಮ ಮಗಳ ಮೈಯಾಗ ಏನೈತಿ ಅಂತ ನಾವು ಬಾಯಿಬಿಟ್ಟು ಹೇಳಂಗಿಲ್ರಿ. ಹೇಳಿದ್ರ ನಿಮ್ಮ ಮಾನ ಹೋಗ್ತೈತಿ." ನೀವು ಶಾಲೆಗೆ ಹೋಗಿದ್ದಿರಿ. ಚಕ್ಕಡಿ ಹೊರಟು ಓಣಿ ದಾಟುವ ಮೊದಲೇ ನಾನು ಕೂತಿದ್ದ ಕಟ್ಟೆಗೆ ಸಗಣಿನೀರು ಚೆಲ್ಲುವ ಸಪ್ಪಳ ಕೇಳಿಸಿತು. ದಾರಿಯುದ್ದಕ್ಕೂ ಅಪ್ಪ ಒಂದೇ ಮಾತು ಆಡಿದ: "ನಾ ಏನೂ ಕೇಳಂಗಿಲ್ಲ ಮಗಳ. ನೀ ಏನೂ ಹೇಳೂದೂ ಬ್ಯಾಡ." ಹೆತ್ತ ಅಪ್ಪನೂ ಅರ್ಧ ನಂಬಿದ್ದಾನೆ ಎಂದು ಆಗ ಗೊತ್ತಾಯಿತು. ಇದನ್ನು ಮಾಡಿದವರು ನೀವು. ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದನ್ನು ಒಂದು ದಿನ ಮರೆತೇನು. ನನ್ನ ಅಪ್ಪನ ಮನಸ್ಸಿನಲ್ಲಿ ಆ ಸಂಶಯ ಇಟ್ಟದ್ದನ್ನು ಮರೆಯುವುದಿಲ್ಲ.

ಹಾನಗಲ್ಲಿಗೆ ಬಂದು ಹದಿನೈದು ದಿನಕ್ಕೆ ಗುಳ್ಳೆಗಳು ಒಣಗಿ ಉದುರಿದವು. ಔಷಧ ಕೇಳಿದ್ದೀರಲ್ಲ, ಯಾವ ಔಷಧವೂ ಇಲ್ಲ. ಕಪ್ಪು ಕಲೆಗಳು ಮಾತ್ರ ಉಳಿದವು. ನಾನು ಸೆರಗು ಬಿಗಿಯಾಗಿ ಹೊದ್ದುಕೊಂಡು ಮನೆಯಲ್ಲೇ ಇರುತ್ತಿದ್ದೆ. ಸಂತೆಯಲ್ಲಿ ಅಪ್ಪ ಕಂಬಳಿ ಹಾಸಿ ಕೂರುವ ಜಾಗದ ಪಕ್ಕದಲ್ಲೇ ಸವಣೂರಿನ ದಿಲಾವರ ಸಾಹೇಬರು ವೀಳ್ಯದೆಲೆಯ ಕಟ್ಟು ಮಾರಲು ಕೂರುತ್ತಾರೆ. ವಯಸ್ಸಾದವರು. ಎಲೆಬಳ್ಳಿಯ ತೋಟಕ್ಕೆ ಮರಳುವ ಮೊದಲು ಇಪ್ಪತ್ತು ವರ್ಷ ಸರಕಾರದ ಹೊಲದಲ್ಲಿ ಹುಳ ಹಿಡಿಯುವ ನೌಕರಿ ಮಾಡಿದವರು. ಬಲೆ ಬೀಸಿ ಹಿಡಿದು, ಸೂಜಿ ಚುಚ್ಚಿ, ಚೀಟಿ ಅಂಟಿಸಿ ಸಾಹೇಬನ ಮೇಜಿನ ಮೇಲೆ ಇಡಬೇಕು. ಅಂಥ ನೌಕರಿ. ಒಂದು ಸಂತೆಯ ದಿನ ಮನೆಗೆ ಬಂದಾಗ ನಾನು ನೀರು ಕೊಟ್ಟೆ. ಕುತ್ತಿಗೆಯ ಕಲೆ ಕಂಡರೆ ಎಲ್ಲರೂ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದರು. ಅವರು ಕಿಸೆಯಿಂದ ಚಾಳೀಸು ತೆಗೆದು ಕಣ್ಣಿಗೆ ಹಾಕಿಕೊಂಡು ಬಗ್ಗಿ ನೋಡಿದರು.

"ಬೇಟಿ, ಇದು ಬ್ಯಾನಿ ಅಲ್ಲ. ಯಾವುದೋ ಹುಳದ ರಸ ಇದು. ಹೊಲದಾಗ ನಮ್ಮ ಮಂದಿಗೂ ಹಿಂಗ ಆಗತಿತ್ತು. ಯಾವ ಹುಳ ಅಂತ ಯಾರೂ ನೋಡಲಿಲ್ಲ. ನೀ ನೋಡು."

ಮಗ್ಗದ ಕಡೆ ತಿರುಗಿ ನೋಡಿದೆ. ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ಅಂದಿನಿಂದ ನನಗೆ ಒಂದು ಕೆಲಸ ಸಿಕ್ಕಿತು. ಸಂಜೆ ಕಂದೀಲಿನ ಕೆಳಗೆ ಅಪ್ಪನ ಹಳೆಯ ಬಿಳಿ ಧೋತರ ಹಾಸುವುದು, ಬಿದ್ದದ್ದನ್ನೆಲ್ಲ ನೋಡುವುದು. ಸಾಹೇಬರು ಸಂತೆಯಿಂದ ಸಂತೆಗೆ ಬಂದು ಪಾಠ ಹೇಳುತ್ತಿದ್ದರು. "ಮೊದಲ ಕಾಲು ಎಣಸು. ಆರು ಇದ್ರ ಒಂದು ದರವಾಜಾ, ಎಂಟು ಇದ್ರ ಬ್ಯಾರೆ ದರವಾಜಾ. ಹೆಸರು ಆಮ್ಯಾಲೆ. ಮೊದಲ ಅದರ ಮನೆತನ ಯಾವುದು ಕೇಳು." ನೀವು ಶಾಲೆಯಲ್ಲಿ ಕೀಟಕ್ಕೆ ಆರು ಕಾಲು ಎಂದು ಬಾಯಿಪಾಠ ಮಾಡಿಸುತ್ತೀರಿ. ಒಂದನ್ನಾದರೂ ಹಿಡಿದು ಎಣಿಸಿದ್ದೀರಾ? ನಾನು ಎಣಿಸಿದೆ. ನೊಣಕ್ಕೂ ಸೊಳ್ಳೆಗೂ ಎರಡೇ ರೆಕ್ಕೆ, ಅವು ಒಂದೇ ಮನೆಯವು. ರೆಕ್ಕೆಯ ಮೇಲೆ ಹಿಟ್ಟು ಇದ್ದರೆ ಚಿಟ್ಟೆ, ಪತಂಗ. ಇರುವೆ, ಜೇನು, ಕಣಜ ಮೂರಕ್ಕೂ ನಡು ದಾರದಷ್ಟು ಸಣ್ಣ. ಹಾಸಿಗೆಯ ತಿಗಣೆಗೂ ಹತ್ತಿಕಾಯಿಗೆ ಮುತ್ತುವ ಕೆಂಪು ಹುಳಕ್ಕೂ ಬಾಯಿಯ ಬದಲು ಸೂಜಿ. ಸಗಣಿ ಉರುಳಿಸುವ ಹುಳಕ್ಕೆ ಬೆನ್ನ ಮೇಲೆ ಎರಡು ಗಟ್ಟಿ ಕದ, ಅದರ ಕೆಳಗೆ ನವಿರಾಗಿ ಮಡಚಿಟ್ಟ ರೆಕ್ಕೆ. ಕುರಿಯ ಮೈಯ ಉಣ್ಣಿಗೆ ಎಂಟು ಕಾಲು, ಅದು ಜೇಡನಿಗೂ ಚೇಳಿಗೂ ಬಳಗ ಎಂದಾಗ ಅಪ್ಪ ನಂಬಲಿಲ್ಲ. ಜನ್ಮವಿಡೀ ಕುರಿಯ ನಡುವೆ ಇದ್ದವನು. ಆಮೇಲೆ ತಾನೇ ಒಂದು ಉಣ್ಣಿ ಕಿತ್ತು ತಂದು, ಸಾಹೇಬರ ದೊಡ್ಡದಾಗಿ ತೋರಿಸುವ ಕಾಜಿನ ಕೆಳಗೆ ಇಟ್ಟು, ಎರಡು ಸಲ ಎಣಿಸಿದ. "ಖರೇನ ಐತಲ್ಲ!" ಅಂದ. ಹಿರೇಕೆರೂರಿನಿಂದ ಬಂದ ಮೇಲೆ ಅವನು ನಕ್ಕದ್ದು ಅಂದೇ ಮೊದಲು.

ನನ್ನ ಅವ್ವ ಜೇಡನ ಮೇಲೆ ತಪ್ಪು ಹೊರಿಸಿದಳು. ಜೇಡ ಉಚ್ಚೆ ಹೊಯ್ದರೆ ಇಂಥ ಹುಣ್ಣು ಏಳುತ್ತದೆ ಎಂದು ಎಲ್ಲರೂ ಹೇಳುವುದೇ. ನಾನು ಮೂರು ಥರದ ಜೇಡಗಳನ್ನು ಎಡಗೈಯ ಒಳಮೈಗೆ ಉಜ್ಜಿ, ಒಂದೊಂದಕ್ಕೂ ಮೂರು ದಿನ ಕಾದೆ. ಏನೂ ಆಗಲಿಲ್ಲ. ಬರೀ ಮಾತಿನ ಮೇಲೆ ತಪ್ಪು ಹೊರಿಸುವುದು ಎಂದರೇನು ಎಂದು ನನಗೆ ಗೊತ್ತಿತ್ತು, ಅದಕ್ಕೇ ಪರೀಕ್ಷೆ ಮಾಡದೆ ಯಾವುದನ್ನೂ ನಂಬಲಿಲ್ಲ. ಪತಂಗದ ಹಿಟ್ಟು ಉಜ್ಜಿದೆ, ಮಿಡತೆಯ ರಸ ಹಚ್ಚಿದೆ. ಓಣಿಯವರು ಗಿರಿಯಪ್ಪನ ಮಗಳಿಗೆ ತಲೆ ಕೆಟ್ಟಿದೆ ಅಂದರು. ಅನ್ನಲಿ. ಹಿರೇಕೆರೂರಿನವರು ಅಂದದ್ದಕ್ಕಿಂತ ಅದು ಎಷ್ಟೋ ಮೇಲು.

ಕಡೆಗೆ ಸಿಕ್ಕಿತು. ಯಾವ ವರ್ಷ, ಎಷ್ಟು ದಿನ ಹಿಡಿಯಿತು ಎಂಬ ಮಾತು ಇಲ್ಲಿ ಬೇಡ. ಭತ್ತದ ಕಾಳಿಗಿಂತ ತುಸು ಉದ್ದ. ತಲೆ ಕಪ್ಪು, ಕೊರಳು ಕೆಂಪು, ಬೆನ್ನ ಮೇಲೆ ನೀಲಿಗಪ್ಪಿನ ಚಿಕ್ಕ ತುಂಡು, ಅದರ ಹಿಂದೆ ಮತ್ತೆ ಕೆಂಪು, ತುದಿ ಕಪ್ಪು. ಓಡುವಾಗ ಬಾಲ ಮೇಲೆತ್ತುತ್ತದೆ. ಎಲ್ಲರೂ ಇರುವೆ ಎಂದೇ ತಿಳಿದು ಒರೆಸಿ ಹಾಕುತ್ತಾರೆ. ಸಾಹೇಬರು ಕಾಜು ಹಿಡಿದು ಅಂದರು: "ಇರುವಿ ಅಲ್ಲ. ನಡ ನೋಡು, ದಪ್ಪ ಐತಿ. ಬೆನ್ನಿನ ಅಂಗಿ ತುಂಡು, ಆದ್ರೂ ಅಂಗೀನ. ಒಳಗ ರೆಕ್ಕಿ ಮಡಚಿಟ್ಟೈತಿ. ಇದು ಗಟ್ಟಿ ಬೆನ್ನಿನ ಮಂದೀ ಪೈಕಿ." ಅದನ್ನು ಕೈಮೇಲೆ ಹಿಸುಕಿದೆ. ಮರುದಿನ ಏನೂ ಇಲ್ಲ. ಇದೂ ಅಲ್ಲ ಅಂದುಕೊಂಡೆ. ಅದರ ಮರುದಿನ ಮುಂಜಾನೆ ಕೆಂಪು ಗೆರೆ, ಉರಿ, ಸಾಸಿವೆಯ ಗುಳ್ಳೆ. ಕೈ ಮಡಚಿದ ಕಡೆ ಎದುರುಬದುರು ಎರಡು. ನಾನು ಕೂಗಿದ ಕೂಗಿಗೆ ಅವ್ವ ಒಲೆಯ ಮುಂದಿನಿಂದ ಎದ್ದು ಓಡಿ ಬಂದಳು.

ಅದು ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಮೈಮೇಲೆ ಬಂದು ಕೂತಾಗ ನಾವೇ ಒರೆಸಿ ಅದನ್ನು ಹಿಸುಕುತ್ತೇವೆ, ಆ ರಸ ಸುಡುತ್ತದೆ. ಸುಡುವುದು ಒಂದು ದಿನ ಕಳೆದ ಮೇಲೆ, ಅದಕ್ಕೇ ಯಾರಿಗೂ ನೆನಪು ಹತ್ತುವುದಿಲ್ಲ. ಎಲ್ಲಿಂದ ಬಂತು ಎಂದು ಕೇಳಿದಿರಲ್ಲ. ನಿಮ್ಮ ಗದ್ದೆಯಿಂದ ಬಂತು. ನಿಮ್ಮ ಕಂದೀಲಿಗೆ ಬಂತು. ನಿಮ್ಮ ಅಂಗಿಗೆ ಗುಂಡಿ ಹಚ್ಚುವಾಗ ಬಂತು.

ಇನ್ನು ಮಂಜವ್ವನ ವಿಷಯ. ನಿಮ್ಮ ಕಾಗದ ಓದಿ ಮೂರು ದಿನ ನನ್ನ ಸಿಟ್ಟಿನಲ್ಲೇ ಕೂತಿದ್ದೆ. ನಾಲ್ಕನೆಯ ದಿನ, ಸೋಮವಾರ, ಇದ್ದಿಲಿನಿಂದ ಓಡುವ ಮೋಟಾರು ಬಸ್ಸು ಹತ್ತಿ ಶಿಗ್ಗಾಂವಿಗೆ ಹೋದೆ. ಜೊತೆಗೆ ಅಪ್ಪ, ದಿಲಾವರ ಸಾಹೇಬರು. ಇಳಿದುಕೊಂಡದ್ದು ಸಾಹೇಬರ ತಂಗಿ ರೋಶನಬಿಯವರ ಮನೆಯಲ್ಲಿ. ಅಲ್ಲಿಂದ ನಿಮ್ಮ ಬೀಗರ ಮನೆಗೆ. ಮದುಮಗನ ತಂದೆ ಹನುಮಂತಪ್ಪನವರು ನಾನು ಯಾರೆಂದು ತಿಳಿದ ಕೂಡಲೇ ಅಂದರು: "ಗಂಡನ್ನ ಬಿಟ್ಟು ಬಂದ ಹೆಣ್ಮಗಳು, ಅದ ಮನಿ ಪರ ಮಾತಾಡಾಕ ಬಂದಿಯೇನು?"

"ಬಿಟ್ಟು ಬಂದಿಲ್ರಿ, ಹೊರಗ ಹಾಕ್ಯಾರ. ಆ ಮನಿ ಪರ ಬಂದಿಲ್ರಿ, ಆ ಹುಡುಗಿ ಪರ ಬಂದೇನಿ" ಎಂದೆ.

ದೀಪ ಹಚ್ಚುವ ಹೊತ್ತಿಗೆ ಅವರ ಅಂಗಳದಲ್ಲಿ ಕಂದೀಲು ತೂಗುಹಾಕಿ ಧೋತರ ಹಾಸಿದೆವು. ಮನೆಯವರೆಲ್ಲ ಸುತ್ತ ನಿಂತರು. ಬಿದ್ದ ಒಂದೊಂದನ್ನೂ ಇದು ಯಾವ ಮನೆತನ, ಅದು ಯಾವ ಮನೆತನ ಎಂದು ತೋರಿಸಿದೆ. ಮೊದಲು ನಗುತ್ತಿದ್ದ ಹೆಂಗಸರು ಆಮೇಲೆ ಬಗ್ಗಿ ನೋಡಿದರು. ಸ್ವಲ್ಪ ಹೊತ್ತಿಗೆ ಅದು ಬಂತು. ಒಂದಲ್ಲ, ಎರಡು. ಒಂದನ್ನು ಎಲ್ಲರೆದುರು ನನ್ನ ಕೈಮೇಲೆ ಹಿಸುಕಿಕೊಂಡೆ. ಬುಧವಾರ ಬಂದು ತೋರಿಸುತ್ತೇನೆ ಎಂದೆ.

ಹನುಮಂತಪ್ಪನವರು ತಲೆ ಅಲ್ಲಾಡಿಸಿದರು. "ನಿನ್ನ ಮೈಯಾಗ ಮೊದಲ ಇತ್ತು ಅಂತಾರ. ನಿನ್ನ ಕೈಮ್ಯಾಲೆ ಎದ್ರ ನಾವು ಹೆಂಗ ನಂಬೂದು?"

ನಾನು ಉತ್ತರ ಕೊಡುವ ಮೊದಲೇ ಅವರ ಮಗ ಮಾಳಪ್ಪ ಕಂಬದ ಹಿಂದಿನಿಂದ ಬಂದ. ಇಪ್ಪತ್ತೆರಡರ ಹುಡುಗ, ಮದುಮಗ ಅವನೇ. ಅಂಗಿಯ ತೋಳು ಏರಿಸಿ ಕೈ ಚಾಚಿದ. "ಇನ್ನೊಂದು ಐತಲ್ರಿ ಅಕ್ಕಾರ. ನನ್ನ ಕೈಮ್ಯಾಲೆ ಹಚ್ರಿ."

ಅವನ ತಾಯಿ ಚೀರಿದರು. ಅವನು ಕೈ ಹಿಂದೆ ತೆಗೆಯಲಿಲ್ಲ. "ಸಂಸಾರ ಮಾಡಾಂವ ನಾನವ್ವಾ. ನಾನ ನೋಡ್ತೇನಿ" ಅಂದ. ಹಚ್ಚಿದೆ.

ಬುಧವಾರ ಮುಂಜಾನೆ ಹೋದಾಗ ಅವನು ಕಟ್ಟೆಯ ಮೇಲೆ ಕೂತಿದ್ದ. ನನ್ನ ಕೈಯಲ್ಲಿ ಎದ್ದಂಥದೇ ಗೆರೆ, ಅಂಥವೇ ಗುಳ್ಳೆ. "ಉರಿ ಭಾಳ ಐತ್ರಿ" ಎಂದು ನಕ್ಕ. ಹನುಮಂತಪ್ಪನವರು ಎರಡೂ ಕೈಗಳನ್ನು ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಅಪ್ಪನ ಕಡೆ ತಿರುಗಿ, "ತಪ್ಪು ಮಾಡಿದ್ನಿ. ಸೀರಿ ನಾನ ತಗೊಂಡು ಹೋಗ್ತೇನಿ" ಅಂದರು.

ಅಲ್ಲಿ ನನಗೆ ಅಳು ಬಂತು. ಸಂತೋಷಕ್ಕೆ ಎಂದು ಜೊತೆಗೆ ಬಂದಿದ್ದ ರೋಶನಬಿ ನನ್ನನ್ನು ತಬ್ಬಿಕೊಂಡರು. ಸಂತೋಷಕ್ಕಲ್ಲ, ಸಿಟ್ಟಿಗೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಹುಡುಗ, ಇನ್ನೂ ಮದುವೆಯಾಗದ ಹುಡುಗಿಗಾಗಿ ಕೈ ಚಾಚಿದ. ನನ್ನ ಜೊತೆ ಎರಡು ವರ್ಷ ಸಂಸಾರ ಮಾಡಿದ ನೀವು ಕೊಟ್ಟಿಗೆಯ ಹೊಸ್ತಿಲು ದಾಟಲಿಲ್ಲ. ಅವನಿಗೆ ಎರಡು ದಿನದ ಉರಿ ದೊಡ್ಡದಾಗಿ ಕಾಣಲಿಲ್ಲ. ನಿಮಗೆ ಒಂದು ಪ್ರಶ್ನೆ ಕೇಳಿ ತಿರುಗಿ ಹೋಗುವುದು ಸುಲಭವಾಗಿತ್ತು. ನನಗೆ ಬೇಕಾಗಿದ್ದದ್ದು ಇಷ್ಟೇ ಎಂದು ನಾಲ್ಕು ವರ್ಷಗಳ ಮೇಲೆ ಯಾರದೋ ಅಂಗಳದಲ್ಲಿ ನಿಂತು ತಿಳಿಯಿತು.

ಮಂಜವ್ವನಿಗೆ ಹೇಳಿ: ಸಾಬೂನು ಹಚ್ಚಿ ತಣ್ಣೀರಿನಲ್ಲಿ ತೊಳೆಯಲಿ, ಗುಳ್ಳೆ ಒಡೆಯದಿರಲಿ, ಹದಿನೈದು ದಿನಕ್ಕೆ ಒಣಗುತ್ತದೆ. ಕಲೆ ನಾಲ್ಕೈದು ತಿಂಗಳಲ್ಲಿ ಮಾಸುತ್ತದೆ. ಕಂದೀಲನ್ನು ಹಾಸಿಗೆಯಿಂದ ದೂರ ಇಡಿರಿ. ಹುಳ ಮೈಮೇಲೆ ಕೂತರೆ ಒರೆಸದೆ ಊದಿ ಹಾರಿಸಿರಿ. ಅವಳ ಗಂಗಾಳ ಬೇರೆ ಮಾಡಿದ್ದರೆ ಇಂದೇ ಒಳಗೆ ತನ್ನಿ.

ನಾನು ಬರುವುದಿಲ್ಲ. ಮದುವೆಗೆ ಶಿಗ್ಗಾಂವಿಯವರ ಕಡೆಯಿಂದ ಬರುತ್ತೇನೆ, ಹನುಮಂತಪ್ಪನವರೇ ಕರೆದಿದ್ದಾರೆ. ನಿಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದದ್ದು ವ್ಯರ್ಥವಾಗಬಾರದೆಂದು ಬರುವ ಜೂನಿನಲ್ಲಿ ಮಾಸ್ತರಿಕೆಯ ತರಬೇತಿಗೆ ಧಾರವಾಡಕ್ಕೆ ಹೋಗುತ್ತೇನೆ. ನಿಮ್ಮಿಂದ ಆಗಬೇಕಾದ ಕೆಲಸ ಒಂದೇ. ನಿಮ್ಮ ತಾಯಿ ನನ್ನ ಮೈಯ ವಿಷಯ ಯಾವ ಯಾವ ಮನೆಯಲ್ಲಿ ಆಡಿದರೋ ಆ ಮನೆಗಳಿಗೆ ನೀವು ನಡೆದು ಹೋಗಿ, ಬಾಗಿಲಲ್ಲಿ ನಿಂತು, ಅದು ಹುಳದ ಬರೆಯಾಗಿತ್ತು, ನನ್ನ ಹೆಂಡತಿಯ ತಪ್ಪೇನೂ ಇರಲಿಲ್ಲ ಎಂದು ಹೇಳಿ ಬರಬೇಕು. ನೀವು ಹೋಗಲಿಕ್ಕಿಲ್ಲ. ಆದರೂ ಬರೆದಿದ್ದೇನೆ, ಅವಳು ಕೇಳಲೇ ಇಲ್ಲ ಎಂದು ನಾಳೆ ನೀವು ಅನ್ನಬಾರದು.

ಇಂತು,
ಶಂಕ್ರವ್ವ
ಹಾನಗಲ್ಲಿನ ಕಂಬಳಿ ಗಿರಿಯಪ್ಪನ ಮಗಳು

ತಾ. ಕ.: ಹುಳ ಸಿಕ್ಕ ವರ್ಷವನ್ನು ಮೇಲೆ ಬರೆಯದೆ ಬಿಟ್ಟೆ. ಸುಳ್ಳು ಬರೆದಿಲ್ಲ, ಆದರೆ ಮುಚ್ಚಿದ್ದೇನೆ. ೧೯೪೨ರ ಕಾರ್ತಿಕದಲ್ಲೇ ಸಿಕ್ಕಿತ್ತು, ಮೂರು ವರ್ಷವಾಯಿತು. ಅಂದೇ ನಿಮಗೊಂದು ಕಾರ್ಡು ಬರೆದೆ. ಟಪಾಲು ಪೆಟ್ಟಿಗೆಯವರೆಗೆ ಹೋಗಿ ತಿರುಗಿ ಬಂದು ಒಲೆಗೆ ಹಾಕಿದೆ. ನೀವಾಗಿಯೇ ಕೇಳಲಿ ಎಂಬ ಹಟ ಎಂದು ಅಪ್ಪನಿಗೆ ಹೇಳಿದ್ದೆ. ಹಟವಲ್ಲ, ಹೆದರಿಕೆ. ರೋಗವಲ್ಲ ಎಂದು ಗೊತ್ತಾದರೆ ನೀವು ಚಕ್ಕಡಿ ಕಳಿಸುತ್ತೀರಿ, ಅಪ್ಪ ನನ್ನನ್ನು ಹತ್ತಿಸುತ್ತಾನೆ, ನಾನು ತಲೆ ಬಗ್ಗಿಸಿ ಬಂದುಬಿಡುತ್ತೇನೆ ಎಂಬ ಹೆದರಿಕೆ. ಆ ಕಾರ್ಡು ಹಾಕಿದ್ದರೆ ನಿಮ್ಮ ಮನೆಯ ಕಂದೀಲು ಅಂದೇ ದೂರ ಸರಿಯುತ್ತಿತ್ತು, ಮಂಜವ್ವನ ಕೆನ್ನೆ ಸುಡುತ್ತಿರಲಿಲ್ಲ. ಇದನ್ನು ಅವಳಿಗೆ ನೀವು ಹೇಳಬೇಡಿ. ನಾನೇ ಹೇಳುತ್ತೇನೆ, ಮದುವೆಗೆ ಮೊದಲು, ಎದುರು ಕೂತು. ಅವಳು ಏನು ಅಂದರೂ ಕೇಳಿಸಿಕೊಳ್ಳುತ್ತೇನೆ.